ಕಾಡುರಾಣಿಯ ಮಡಿಕೆ ಮತ್ತು ಇಸ್ತ್ರಿಯ ಮಾಚ

“ಸುವರ್ಣಘಟ್ಟದ ಪ್ರಜೆಗಳೆಲ್ಲ ಕೇಳಿ! ಮಹಾರಾಜ ಭುಜಬಲಕೇತುವಿನ ಅಪ್ಪಣೆ! ರಾಜಕುಮಾರಿ ಕನಕಲೇಖೆಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರ ತಲೆ ಶುಕ್ರವಾರ ಬೆಳಿಗ್ಗೆ ಹೋಗುತ್ತದೆ!”

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. ಯಾವ ಅರ್ಧ ಎಂದು ಯಾರೂ ಕೇಳಲಿಲ್ಲ.

ಇಷ್ಟಕ್ಕೂ ಕಾರಣ ಮೂವತ್ತೆರಡು ಪುಟದ ಒಂದು ಪುಸ್ತಕ. ಚೌಕಗಳೊಳಗೆ ಬಣ್ಣದ ಚಿತ್ರ, ಪಾತ್ರಗಳ ಬಾಯಿಂದ ಗುಳ್ಳೆಯಾಗಿ ಹೊರಡುವ ಮಾತು. ನಾವು ಕಾಮಿಕ್ಸ್ ಅನ್ನುತ್ತೇವಲ್ಲ, ಅದು. ಹೆಸರು ‘ಏಳು ಕಣ್ಣಿನ ಕಾಡುರಾಣಿ’. ಲೋಕದಲ್ಲಿ ಉಳಿದಿದ್ದ ಒಂದೇ ಪ್ರತಿ. ರಾಜ ಚಿಕ್ಕಂದಿನಲ್ಲಿ ಅದನ್ನು ಓದಿದ್ದ, ಅದರ ಮೇಲೆ ಕೂತಿದ್ದ, ಕೊನೆಗೆ ಯಾವುದೋ ಪೆಟ್ಟಿಗೆಯಡಿ ಮರೆತಿದ್ದ. ಈಗ ಸಿಕ್ಕಿತ್ತು, ಕೊಳೆ ಹಿಡಿದು, ನಡುವೆ ಮಡಚಿಕೊಂಡು. ಅದನ್ನು ಸರಿಮಾಡುವ ಕೈ ಬೇಕಿತ್ತು. ಒಗಟಿನ ಉಪಾಯ ಮಗಳದು. ತಲೆ ತೆಗೆಯುವ ಉಪಾಯ ತಂದೆಯದು.

ಮೊದಲ ದಿನ ಮೂವರು ಬಂದರು. ರಾಜಕುಮಾರಿ ಕೇಳಿದಳು: “ನೀರು ಬಿದ್ದರೆ ನಾನು ಸಾಯುತ್ತೇನೆ. ಕೈಯಿಂದ ತಿಕ್ಕಿದರೆ ಇನ್ನಷ್ಟು ಕೊಳೆಯಾಗುತ್ತೇನೆ. ನನ್ನ ಕೊಳೆಯನ್ನು ತಿಂದು ತಾನೇ ಸವೆದುಹೋಗುವವನು ಯಾರು?”

ಆಸ್ಥಾನ ಪಂಡಿತರು ಕಣ್ಣು ಮುಚ್ಚಿ “ಜ್ಞಾನ” ಎಂದರು. ಅವರು ಯಾವ ಪ್ರಶ್ನೆಗೂ ಅದನ್ನೇ ಹೇಳುತ್ತಿದ್ದರು. ರತ್ನವ್ಯಾಪಾರಿಯ ಮಗ ರಾಜಕುಮಾರಿಯನ್ನೇ ನೋಡುತ್ತ “ಪ್ರೀತಿ” ಎಂದ. ಮೂರನೆಯವನು ಹೊಂಬಾಳ, ಅರಮನೆಯ ಬಟ್ಟೆ ಒಗೆಯುವವನು. “ಇದೇನು ಮಹಾ! ಚೌಳು ಮಣ್ಣು. ಅದು ತೆಗೆಯದ ಕೊಳೆ ಇನ್ನೂ ಹುಟ್ಟಿಲ್ಲ” ಎಂದ.

“ಚೌಳಿಗೆ ನೀರು ಬೇಡವೇನಪ್ಪ?” ಎಂದಳು ರಾಜಕುಮಾರಿ.

ಮೂವರನ್ನೂ ಸೆರೆಮನೆಗೆ ಕಳಿಸಿದರು.

ಸುದ್ದಿ ಕೇಳಿ ಹೊಂಬಾಳನ ತಮ್ಮ ಮಾಚ ಬಂದ. ಅಣ್ಣ ಒಗೆದದ್ದನ್ನು ಇಸ್ತ್ರಿ ಮಾಡುವುದು ಇವನ ಕೆಲಸ. ಸೆರೆಯ ಕಿಟಕಿಯಲ್ಲಿ ಹೊಂಬಾಳನ ಮುಖ ಕಂಡಿತು.

“ಬರಬೇಡ ಕಣೋ. ಮನೆಗೊಬ್ಬ ದಡ್ಡ ಸಾಕು.”

“ನೀನು ಸುಮ್ನಿರಣ್ಣ” ಎಂದು ಮಾಚ ಅರಮನೆಯೊಳಗೆ ಹೋದ.

ಮೊದಲ ಒಗಟು ಕೇಳಿ, ಒಮ್ಮೆ ರಾಜಕುಮಾರಿಯ ಮುಂದಿದ್ದ ಪುಸ್ತಕದ ಕಡೆ ನೋಡಿದ. “ಕಾಗದಕ್ಕೆ ತಾನೆ ಅಮ್ಮಣ್ಣಿ? ಮೆತ್ತನೆ ರಬ್ಬರಿನ ಪುಡಿ. ಮೇಲೆ ಉದುರಿಸಿ, ನಡುವಿನಿಂದ ಅಂಚಿಗೆ ಹಗುರವಾಗಿ ಉರುಳಿಸಬೇಕು. ಕೊಳೆ ಅದಕ್ಕೆ ಅಂಟುತ್ತೆ, ಅದು ಸವೆಯುತ್ತೆ. ಬಣ್ಣ ಏಳೋ ಕಡೆ ಮುಟ್ಟಲೇಬಾರದು.”

ಪಂಡಿತರು ಅಲ್ಲಿದ್ದಿದ್ದರೆ ಶಾಸ್ತ್ರಾಧಾರ ಕೇಳುತ್ತಿದ್ದರು. ಸದ್ಯ, ಸೆರೆಯಲ್ಲಿದ್ದರು.

“ಎರಡನೆಯದು. ನಾನು ಕಣ್ಣಿಗೆ ಕಾಣುವುದಿಲ್ಲ. ನಾನಿಲ್ಲದೆ ಮಡಿಕೆ ಬಿಡಿಸಿದರೆ ಮುರಿಯುತ್ತದೆ. ನಾನು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ನಾನು ಯಾರು?”

“ಗಾಳಿಯ ತೇವ. ಗಂಜಿ ಹಾಕಿದ ಪಂಚೆಗೆ ನಾವು ನೀರು ಚಿಮುಕಿಸಿ ಸುತ್ತಿಡ್ತೀವಿ, ಆಮೇಲೆ ಇಸ್ತ್ರಿ. ಕಾಗದಕ್ಕೆ ಚಿಮುಕಿಸೋ ಹಾಗಿಲ್ಲ. ಒದ್ದೆ ಬಟ್ಟೆ ಒಂದು ಕಡೆ, ಪುಸ್ತಕ ಒಂದು ಕಡೆ, ಒಂದಕ್ಕೊಂದು ತಾಗದ ಹಾಗೆ ಮುಚ್ಚಿದ ಪೆಟ್ಟಿಗೇಲಿ ಸ್ವಲ್ಪ ಹೊತ್ತು.”

“ಮೂರನೆಯದು. ಬೆಂಕಿ ತೆಗೆದ ಮೇಲೆ ನನ್ನ ಕೆಲಸ ಶುರು. ಯಾರಾದರೂ ನೋಡಲು ಬಂದರೆ ಕೆಲಸ ಅರ್ಧಕ್ಕೇ ಬಿಟ್ಟು ಓಡುತ್ತೇನೆ. ನಾನು ಯಾರು?”

ಮಾಚ ತಲೆ ಕೆರೆದುಕೊಂಡ. “ಇದನ್ನ ಬಾಯಲ್ಲಿ ಹೇಳಿದರೆ ಹಗುರಾಗುತ್ತೆ. ಪುಸ್ತಕ ಕೊಡಿ, ತೋರಿಸ್ತೀನಿ.”

ಬುಧವಾರವೆಲ್ಲ ಪುಡಿ ಉರುಳಿಸಿದ. ಆಮೇಲೆ ಮೆತ್ತನೆ ಕುಂಚದಿಂದ ಗುಡಿಸಿದ, ಮತ್ತೆ ಗುಡಿಸಿದ. ಒಂದು ಕಣ ಉಳಿದರೂ ಒತ್ತುವಾಗ ಗುಳಿ ಬೀಳುತ್ತದೆ, ಉಳಿದ ಕೊಳೆ ಶಾಶ್ವತವಾಗಿ ಕೂತುಬಿಡುತ್ತದೆ. ಪುಟಗಳನ್ನು ಹಿಡಿದಿದ್ದ ತುಕ್ಕು ಪಿನ್ನುಗಳನ್ನು ಮುಟ್ಟಲಿಲ್ಲ. ಗುರುವಾರ ತೇವಕ್ಕಿಟ್ಟು, ನುಣುಪು ಹಾಳೆಗಳ ನಡುವೆ ಪುಸ್ತಕ ಮಲಗಿಸಿದ. ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಂಡಕ್ಕಿಂತ ಬೂದಿಯೇ ಹೆಚ್ಚು; ಕೆನ್ನೆಯ ಹತ್ತಿರ ಹಿಡಿದು ಬಿಸಿ ನೋಡಿದ, ತಳ್ಳದೆ ಮೇಲಿಟ್ಟು ಎತ್ತಿದ. ನಂತರ ಚಪ್ಪಡಿಕಲ್ಲು ಹೇರಿ, ಪಕ್ಕದಲ್ಲಿ ಕೂತ. ಆಸ್ಥಾನದಲ್ಲಿ ನಾನು ಕೇಳಿರುವ ಯಾವ ಪಾಂಡಿತ್ಯಕ್ಕಿಂತ ಆ ಕೆನ್ನೆಗೆ ನನ್ನ ಮರ್ಯಾದೆ ಹೆಚ್ಚು.

ಸಂಜೆ ರಾಜ ಮಗಳೊಡನೆ ಬಂದ. “ಕಲ್ಲೆತ್ತು. ನೋಡಬೇಕು.”

“ನಾಳೆ ಮಧ್ಯಾಹ್ನ, ಬುದ್ಧಿ.”

“ನಾಳೆ ಬೆಳಿಗ್ಗೆ ನಿನ್ನ ಅಣ್ಣನ ತಲೆ ಹೋಗುತ್ತದೆ. ಈಗ ಎತ್ತಿದರೆ ಅವನನ್ನು ಬಿಡುತ್ತೇನೆ.”

ಮಾಚನ ಕೈ ಕಲ್ಲಿನವರೆಗೆ ಹೋಯಿತು. ಅಲ್ಲೇ ಕೊಂಚ ಹೊತ್ತು ನಿಂತಿತು. ಹಿಂದೆ ಬಂತು.

“ಈಗ ಎತ್ತಿದರೆ ಮಡಿಕೆ ಮತ್ತೆ ಏಳುತ್ತೆ. ಪುಸ್ತಕ ಕೆಟ್ಟಿತು ಅಂತ ನೀವು ನಮ್ಮಿಬ್ಬರನ್ನೂ ಕಡಿಸ್ತೀರಿ. ನಾನು ಎತ್ತಲ್ಲ ಬುದ್ಧಿ.”

ರಾಜನ ಮುಖ ಕೆಂಪಾಯಿತು. ಆಗ ಕನಕಲೇಖೆ ನಕ್ಕಳು. “ಅಪ್ಪಾಜಿ, ಉತ್ತರ ಬಂತು. ತೂಕದ ಕೆಳಗೆ ತಣಿಯುವ ಹೊತ್ತು. ನಾನು ಬೇರೆ ಮೂರು ಪುಸ್ತಕ ಹಾಳುಮಾಡಿದ್ದೇನೆ: ಒಂದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದನ್ನು ಒಣಗಿದ್ದಾಗಲೇ ಬಿಡಿಸಿ, ಒಂದನ್ನು ನೀವು ಅವಸರ ಮಾಡಿದಿರೆಂದು ಬಿಸಿಯಿರುವಾಗಲೇ ತೆಗೆದು. ಆ ಮೂರೇ ನನ್ನ ಒಗಟು. ಗೆದ್ದವನ ಅಣ್ಣನನ್ನು ಕಡಿಸುತ್ತೀರಾ?”

ರಾಜ ಗೊಣಗುತ್ತ ತಲೆಗಳನ್ನು ಮಧ್ಯಾಹ್ನಕ್ಕೆ ಮುಂದೂಡಿದ.

ಮಧ್ಯಾಹ್ನ ಕಲ್ಲೆತ್ತಿದರು. ಕಾಡುರಾಣಿ ನೆಟ್ಟಗೆ ಮಲಗಿದ್ದಳು, ಏಳು ಕಣ್ಣೂ ಸ್ವಚ್ಛ. ನಡುವೆ ಒಂದು ಬಿಳಿ ಗೆರೆ ಮಾತ್ರ ಉಳಿದಿತ್ತು.

“ಇದು?”

“ಅಲ್ಲಿ ಬಣ್ಣವೇ ಉದುರಿಹೋಗಿದೆ ಬುದ್ಧಿ. ನೀವು ಕೂತಿದ್ದು.”

ರಾಜ ತುಸು ಕೆಮ್ಮಿ, ಮೊದಲ ಪುಟ ತೆರೆದು, ಸಭೆಯನ್ನೇ ಮರೆತ. ಮೂವರನ್ನೂ ಬಿಡಲು ಮಗಳೇ ಅಪ್ಪಣೆ ಕೊಟ್ಟಳು. ಯಾವ ಅರ್ಧ ಬೇಕೆಂದು ಕೇಳಿದಾಗ, ಮಾಚ ಪುಸ್ತಕ ಭಂಡಾರವಿರುವ ಅರ್ಧ ಕೇಳಿದ. ಅವಳು ಅಲ್ಲಿ ಅವನ ಕೈಕೆಳಗೆ ಕೆಲಸ ಕಲಿಯಲು ಸೇರಿದಳು. ಊರವರು ಎತ್ತಿದ ಮದುವೆಯ ಮಾತನ್ನು ಇಬ್ಬರೂ ತಣಿಯಲು ಬಿಟ್ಟರು.

ಹೊಂಬಾಳ ಸೆರೆಯಿಂದ ನೇರ ಬಂದು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ.

“ಚೆನ್ನಾಗಿದೆ ಕಣೋ” ಎಂದ. “ಚೂರು ಚೌಳು ಹಾಕಿದ್ದಿದ್ರೆ ಇನ್ನೂ ಬೆಳ್ಳಗಾಗ್ತಿತ್ತು.”