ಒಗೆಯದ ಜರ್ಸಿ

ಹೊಳೆದಂಡೆಯ ಮರಳಿನಲ್ಲಿ ಉಮಾಕಾಂತ ಗುರುಗಳು ಫುಟ್‌ಬಾಲ್ ಕಲಿಸುತ್ತಿದ್ದರು. ವಯಸ್ಸಾಗಿತ್ತು, ಮಂಡಿ ನೋಯುತ್ತಿತ್ತು. ಬೈಗುಳ ಮಾತ್ರ ಮೊದಲಿನಷ್ಟೇ ಗಟ್ಟಿ.

ಒಂದು ಸಂಜೆ ಶಿಷ್ಯ ವಿಠೋಬ ಬಂದು ಕಾಲಿಗೆ ಬಿದ್ದ. ಊರಿನ ಕ್ಲಬ್ಬಿಗೆ ಅವನೇ ಕ್ಯಾಪ್ಟನ್.

“ಲೀಗ್ ಮುಗೀತು, ಗುರುಗಳೇ. ನಡುವಿನಲ್ಲೆಲ್ಲೋ ಉಳಿದೆವು. ಮೇಲೂ ಇಲ್ಲ, ಕೆಳಗೂ ಇಲ್ಲ.”

“ಶುರುವಿನಲ್ಲಿ ಊರೆಲ್ಲ ನಿಮ್ಮನ್ನ ಹೊತ್ತು ಕುಣೀತಿತ್ತಲ್ಲೋ!”

“ಆಗ ಆಡಿದ್ದೆಲ್ಲ ಗೆಲುವೇ. ಆಮೇಲೆ ಒಂದು ಗೋಲು ಹೊಡೆಯೋಕೂ ಒದ್ದಾಡಿದೆವು. ಈಗ ಚಹಾ ಅಂಗಡಿಗೆ ಹೋದರೆ ಜನ ಮುಖ ತಿರುಗಿಸ್ತಾರೆ. ನಾಳೆ ಕ್ಲಬ್ಬಿನ ಸಭೆ. ಕ್ಯಾಪ್ಟನ್‌ಗಿರಿ ಬಿಟ್ಟುಬಿಡ್ತೇನೆ. ಆಟಾನೂ ಬಿಡ್ತೇನೆ.”

“ನೀನು ಬಿಟ್ಟರೆ ಉಳಿದವರು?”

“ಅವರೂ ಬಿಡ್ತಾರೆ. ಕ್ಲಬ್ ಮುಚ್ಚಿದ ಹಾಗೇ.”

ಗುರುಗಳು ಸಮಾಧಾನ ಮಾಡಲಿಲ್ಲ. ಆ ಅಭ್ಯಾಸ ಅವರಿಗಿಲ್ಲ.

“ಏನು ತಪ್ಪು ಮಾಡಿದಿರಿ?”

“ಒಂದೂ ಇಲ್ಲ! ಗೆಲ್ಲುವಾಗ ಹೇಗಿದ್ದೆವೋ ಹಾಗೇ ಇದ್ದೆವು. ಅದೇ ಹನ್ನೊಂದು ಜನ, ಅದೇ ಆಟ. ಬಸ್ಸಿನಲ್ಲೂ ಅವರವರಿಗೆ ಅದೇ ಸೀಟು. ಅದೃಷ್ಟ ಹೋಗಬಾರದು ಅಂತ ಜರ್ಸಿ ಕೂಡ ಒಗೆಯಲಿಲ್ಲ.”

“ಅಯ್ಯೋ ಪುಣ್ಯಾತ್ಮ!” ಗುರುಗಳು ಮೂಗು ಮುಚ್ಚಿಕೊಂಡರು. “ಎದುರಿನವರು ನಿಮ್ಮ ಹತ್ತಿರ ಹೇಗೆ ಬಂದರೋ!”

ವಿಠೋಬನಿಗೆ ನಗು ಬರಲಿಲ್ಲ.

“ಬೆಂಚಿನಲ್ಲಿ ಕೂತ ಬದಲಿ ಆಟಗಾರರು?”

“ಕೂತೇ ಇದ್ದರು. ಗೆಲ್ಲುವ ತಂಡಕ್ಕೆ ಯಾರಾದರೂ ಕೈ ಹಾಕ್ತಾರಾ?”

ಗುರುಗಳು ಮಂಡಿ ಹಿಡಿದುಕೊಂಡು ಎದ್ದರು. ಚೆಂಡನ್ನು ಅವನತ್ತ ತಳ್ಳಿದರು.

“ನನ್ನನ್ನ ದಾಟಿ ಹೋಗು.”

ವಿಠೋಬ ಎಡಕ್ಕೆ ಬಾಗಿದ ಹಾಗೆ ಮಾಡಿ ಬಲಕ್ಕೆ ನುಗ್ಗಿದ. ಅದು ಅವನಿಗೆ ಹೆಸರು ತಂದ ವರಸೆ. ಗುರುಗಳು ಅಲ್ಲಾಡಲಿಲ್ಲ. ಸಲೀಸಾಗಿ ದಾಟಿದ.

“ಇನ್ನೊಮ್ಮೆ.”

ಮತ್ತೆ ದಾಟಿದ. ಈ ಸಲ ಮುಖದಲ್ಲಿ ಸ್ವಲ್ಪ ಗೆಲುವೂ ಇತ್ತು.

“ಇನ್ನೊಮ್ಮೆ.”

ಗುರುಗಳು ನೋಯುವ ಕಾಲನ್ನೇ ಒಂದಿಷ್ಟು ಚಾಚಿದರು. ಚೆಂಡು ಅಲ್ಲೇ ನಿಂತಿತು. ವಿಠೋಬ ಚೆಂಡಿಲ್ಲದೆ ಮುಂದೆ ಓಡಿಹೋಗಿದ್ದ.

ವಾಪಸ್ ಬಂದ, ಮತ್ತೆ ಅದೇ ವರಸೆ ಹಾಕಿದ, ಮತ್ತೆ ಸಿಕ್ಕಿಬಿದ್ದ. ಅವನಿಗೆ ರೇಗಿಹೋಯಿತು.

“ಹೀಗೇ ಅಲ್ವಾ ನಾನು ಮೊದಲು ದಾಟಿದ್ದು!”

“ಹೌದು. ಆಗ ನಾನು ನೋಡ್ತಾ ಇದ್ದೆ.”

ವಿಠೋಬನಿಗೆ ಸೋತ ಪಂದ್ಯಗಳು ಒಂದೊಂದಾಗಿ ನೆನಪಾದವು. ಮೊದಲು ನಾಚಿಕೆಯಾಯಿತು, ಆಮೇಲೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

“ನಾಳೆ ಸಭೆಗೆ ಹೋಗ್ತೇನೆ ಗುರುಗಳೇ, ಬಿಡೋಕಲ್ಲ. ಬೆಂಚಿನವರನ್ನೂ ಸೇರಿಸ್ಕೊಂಡು ಹೊಸದಾಗಿ ಶುರು ಮಾಡ್ತೇನೆ. ಈ ಕ್ಲಬ್ ಮುಚ್ಚೋಕೆ ಬಿಡಲ್ಲ.”

“ಸಭೆ ನಾಳೆ ತಾನೇ? ಈಗ ಎಡಗಾಲಲ್ಲಿ ಆಡ್ಕೊಂಡು ಬಾ.”

ವಿಠೋಬ ಹಿಂದೆಮುಂದೆ ನೋಡಿದ. ಕಲಿಯಲು ಬಂದ ಮಕ್ಕಳು ದಂಡೆಯುದ್ದಕ್ಕೂ ಸಾಲಾಗಿ ಕೂತಿದ್ದರು.

“ಎಡಗಾಲು ನನಗೆ ಬರೋದೇ ಇಲ್ಲ. ಇಷ್ಟು ಮಕ್ಕಳ ಎದುರು ಬಿದ್ದುಬಿಡ್ತೇನೆ.”

ಗುರುಗಳು ಚೆಂಡನ್ನು ಅವನ ಎಡಗಾಲಿಗೆ ಒದ್ದರು.

“ಬೀಳು ಮಾರಾಯ. ಅವರೂ ಕಲಿಯಲಿ.”