ಇಳಿಯದ ಕೋಲು

ಕೇಳಿ, ಬಹಳ ಹಿಂದೆ ಒಂದು ಊರಿತ್ತಂತೆ. ನಮ್ಮ ಕಡೆಯದಲ್ಲ, ಸ್ಪೇನ್ ದೇಶದ್ದು. ಸಮುದ್ರದ ಬದಿಗೆ, ಭತ್ತದ ಗದ್ದೆಗಳ ನಡುವೆ. ಊರಿಗೆಲ್ಲ ಎರಡೇ ಬೀದಿ, ಮೇಲಿನದು ಮತ್ತು ಕೆಳಗಿನದು. ಬೀದಿಗೊಂದು ವಾದ್ಯದ ತಂಡ. ಹಗಲೆಲ್ಲ ಕೆಸರಲ್ಲಿದ್ದವರು ಸಂಜೆ ಕೈಕಾಲು ತೊಳೆದು ಕಹಳೆ, ಕ್ಲಾರಿನೆಟ್ ಹಿಡಿಯೋರು.

ಮೇಲಿನ ಬೀದಿಯವರು ಇಗರ್ಜಿಯ ಗಂಟೆಗೆ ಶ್ರುತಿ ಮಾಡಿಕೊಳ್ಳೋರು, ಕೆಳಗಿನವರು ಗಿರಣಿಯ ಗಂಟೆಗೆ. ಗಿರಣಿಯದು ಕೂದಲೆಳೆಯಷ್ಟು ಏರು. ಅಷ್ಟಕ್ಕೇ ಜಗಳ! ಅವರಿಗೆ ಕಿವಿಯಿಲ್ಲ ಅಂತ ಇವರು, ಇವರಿಗೆ ಕಿವಿಯಿಲ್ಲ ಅಂತ ಅವರು. ಹೆಣ್ಣು ಕೊಡೋದೂ ಇಲ್ಲ, ತರೋದೂ ಇಲ್ಲ.

ಮೇಲಿನ ಬೀದಿಯಲ್ಲಿ ಅಮಾಲಿಯಾ ಅಂತ ಒಬ್ಬ ವಿಧವೆ. ಮಗ ಬೌತಿಸ್ತ, ಮಗಳು ರೆಮೆ. ಕುದಿಯೋ ಅನ್ನದ ಸದ್ದು ಕೇಳಿಯೇ ನೀರು ಹೆಚ್ಚೋ ಕಡಿಮೆಯೋ ಹೇಳ್ತಿದ್ದನಂತೆ ಬೌತಿಸ್ತ. ಅಂಥ ಕಿವಿ. ಬೆಳೆದು ಪಟ್ಟಣ ಸೇರಿದ. ನೂರು ಜನ ನುಡಿಸುವಾಗ ಎದುರು ನಿಂತು ಕೋಲಾಡಿಸಿ ನಡೆಸೋ ನಿರ್ದೇಶಕನಾದ. ವಲೆನ್ಸಿಯಾ ಆಯ್ತು, ಮ್ಯಾಡ್ರಿಡ್ ಆಯ್ತು, ಹೊರದೇಶವೂ ಆಯ್ತು. ಎತ್ತಿದ ಕೋಲು ಇಳಿದರೇನೇ ವಾದ್ಯ ಶುರು; ಶ್ರುತಿ ಸೇರೋತನಕ ಇಳಿಸೋದಿಲ್ಲ ಅನ್ನೋದು ಅವನ ಪಟ್ಟು. ಒಮ್ಮೆ ರಾಜನನ್ನೇ ಕಾಯಿಸಿದನಂತೆ. ನಿಜವೋ ಸುಳ್ಳೋ, ಆ ಊರಿನವರು ಹೇಳೋ ಮಾತು.

ಇತ್ತ ರೆಮೆ ಕೆಳಗಿನ ಬೀದಿಯವನನ್ನು ಮದುವೆಯಾಗಿ, ಅವರ ತಂಡದಲ್ಲೇ ಕ್ಲಾರಿನೆಟ್ ಹಿಡಿದಳು. ಮದುವೆಯನ್ನಾದರೂ ತಾಯಿ ನುಂಗಿಕೊಳ್ತಿದ್ದಳೇನೋ, ಗಿರಣಿ ಗಂಟೆಯ ಶ್ರುತಿಯನ್ನು ನುಂಗಲಾಗಲಿಲ್ಲ. ಏಳು ವರ್ಷ ಮಾತಿಲ್ಲ, ಕತೆಯಿಲ್ಲ. ಕೂಗಿದರೆ ಕೇಳೋಷ್ಟು ದೂರ!

ಬೌತಿಸ್ತ ಊರಿಗೆ ಬಂದಾಗ ಹಬ್ಬ ಹತ್ತಿರವಿತ್ತು. ನಮ್ಮ ತಂಡ ನಡೆಸು ಅಂತ ಎರಡೂ ಬೀದಿಯವರು ಬಾಗಿಲಿಗೆ ಬಂದರು. ಅವನ ಚಿಂತೆಯೇ ಬೇರೆ. ತಾಯಿ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಹಾಕಿ, ಏನೋ ಮರೆತವಳಂತೆ ಮತ್ತೆ ಎತ್ತಿಡೋದನ್ನು ನೋಡಿದ್ದ. ನಡೆಸಿದರೆ ಎರಡೂ ತಂಡ ಒಟ್ಟಿಗೆ, ಇಲ್ಲವಾದರೆ ನಾಳೆಯೇ ಹೊರಟೆ ಅಂದನಂತೆ.

ಹಬ್ಬದ ದಿನ ಚೌಕದಲ್ಲಿ ಎರಡೂ ತಂಡ ಎದುರುಬದುರು ಕೂತವು. ಬೌತಿಸ್ತ ಕೋಲೆತ್ತಿದ. ಇವರು ಇಗರ್ಜಿಯ ಸ್ವರ ಊದಿದರು, ಅವರು ಗಿರಣಿಯದು. ನಾಯಿಗಳು ಊಳಿಟ್ಟವಂತೆ. ಕೋಲು ಇಳಿಯಲಿಲ್ಲ. ಹಟಕ್ಕೆ ಬಿದ್ದು ಇನ್ನೂ ಜೋರಾಗಿ ಊದಿದರು. ಕೋಲು ಇಳಿಯಲಿಲ್ಲ. ಅರ್ಧ ಗಂಟೆ ಅಂತಾರೆ ಕೆಲವರು, ನೆರಳು ಗೋಡೆ ದಾಟೋತನಕ ಅಂತಾರೆ ಇನ್ನು ಕೆಲವರು. ತೋಳು ಸೆಳೆಯಿತು, ಬೆರಳು ಮರಗಟ್ಟಿತು. ಇಳಿಸಿಬಿಟ್ಟರೆ ಅಮ್ಮನ ಮನೆಯಲ್ಲಿ ಆ ತಟ್ಟೆ ಎಂದೆಂದಿಗೂ ಖಾಲಿ, ಅಷ್ಟೇ ಅವನ ತಲೆಯಲ್ಲಿ.

ಅಣ್ಣ ಪಡೋ ಪಾಡನ್ನು ರೆಮೆಗೆ ನೋಡಲಾಗಲಿಲ್ಲ. ಕ್ಲಾರಿನೆಟ್ಟಿನ ಕೀಲನ್ನು ಉಗುರಿನಷ್ಟು ಹೊರಗೆಳೆದಳು. ಸ್ವರ ತುಸು ಇಳಿಯಿತು. ಅದನ್ನು ಕಂಡು ಮೇಲಿನ ಬೀದಿಯ ಮುದುಕನೊಬ್ಬ ಕಹಳೆಯ ಕೊಳವೆಯನ್ನು ಉಗುರಿನಷ್ಟು ಒಳಗೆ ತಳ್ಳಿದ; ಸ್ವರ ತುಸು ಏರಿತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು, ಕೊನೆಗೆ ಎಲ್ಲರ ಸ್ವರ ಒಂದಾಯ್ತು.

ಮೇಲಿನ ಬೀದಿಯವರ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಮಾಲಿಯಾ ಪಕ್ಕದವಳನ್ನು ಕೇಳಿದಳು, “ಇದ್ಯಾರ ಶ್ರುತಿಯೇ?”

“ನಮ್ದೂ ಅಲ್ಲ ಕಣಕ್ಕ, ಅವ್ರದ್ದೂ ಅಲ್ಲ.”

ಅಮಾಲಿಯಾ ಎದ್ದಳು. ಕುರ್ಚಿ ಎತ್ತಿಕೊಂಡು ಚೌಕ ದಾಟಿ, ಮಗಳ ಪಕ್ಕದಲ್ಲಿ ಹಾಕಿ ಕೂತಳು. ಬೌತಿಸ್ತ ಅಳುತ್ತಲೇ ಕೋಲು ಇಳಿಸಿದನಂತೆ.

ಅಂದು ಏನು ನುಡಿಸಿದರೋ ಯಾರಿಗೂ ನೆನಪಿಲ್ಲ. ಆದರೆ ಇಂದಿಗೂ ಆ ಹಬ್ಬಕ್ಕೆ ಬೌತಿಸ್ತನ ಹೆಸರು ಹೇಳಿ, ಎಲ್ಲರೂ ತಂತಮ್ಮ ಕುರ್ಚಿ ಹೊತ್ತು ಎದುರು ಬೀದಿಗೆ ಹೋಗಿ ಕೂರ್ತಾರಂತೆ. ಎಷ್ಟೇ ಮುಪ್ಪಾಗಿರಲಿ, ಒಬ್ಬರ ಕುರ್ಚಿಯನ್ನು ಇನ್ನೊಬ್ಬರು ಹೊರೋ ಹಾಗಿಲ್ಲ. ಕೊನೆಯ ಕುರ್ಚಿ ಆಚೆ ಸೇರೋತನಕ ಯಾರೂ ಊದೋದಿಲ್ಲ.