ಹೆಜ್ಜೇನು ಬಂಡೆಯ ಹಗ್ಗ

"ಗುರುಗಳೇ, ಹೇಳೋದೊಂದು, ಮನಸ್ಸಲ್ಲಿರೋದು ಇನ್ನೊಂದು. ಅದು ವ್ಯಂಗ್ಯ. ಅಂದುಕೊಂಡಿದ್ದೊಂದು, ಆಗೋದು ಅದಕ್ಕೆ ತದ್ವಿರುದ್ಧ. ಅದೂ ವ್ಯಂಗ್ಯ. ಓದೋರಿಗೆ ಗೊತ್ತು, ಕತೆಯೊಳಗಿರೋನಿಗೆ ಗೊತ್ತಿಲ್ಲ. ಅದೂ ವ್ಯಂಗ್ಯವೇ. ಮೂರರಲ್ಲಿ ಯಾವುದು ಹೆಚ್ಚು ಹರಿತ?" ಅಂತ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಾಡಂಚಿನ ಊರೊಂದರಲ್ಲಿ ಜೇನು ಕೀಳೋನೊಬ್ಬ ಇದ್ದ. ಅಲ್ಲಿ ಹೆಜ್ಜೇನು ಕಟ್ಟೋದು ಕಡಿದಾದ ಬಂಡೆಗೆ. ಜೇನು ಕೀಳೋನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೆಳಗಿಳೀಬೇಕು. ಮೇಲೆ ಒಬ್ಬ ಹಗ್ಗ ಹಿಡಿದು ನಿಲ್ಲಬೇಕು. ಆ ಹಗ್ಗವನ್ನ ಒಡಹುಟ್ಟಿದ ಅಣ್ಣತಮ್ಮಂದಿರೂ ಮುಟ್ಟೋ ಹಾಗಿಲ್ಲ. ಹೆಂಡತಿಯ ತಮ್ಮನೇ ಹಿಡೀಬೇಕು, ಅದು ಊರಿನ ಕಟ್ಟಳೆ. ಸ್ವಂತ ಅಕ್ಕನನ್ನ ವಿಧವೆ ಮಾಡೋಕೆ ಯಾರಿಗೆ ತಾನೇ ಮನಸ್ಸು ಬರುತ್ತೆ?

ಒಂದು ಬೆಳಗ್ಗೆ, ಗಂಜಿ ತಡವಾಯ್ತು ಅಂತ ಅವನು ಹೆಂಡತಿಯ ಹೊಟ್ಟೆಗೆ ಒದ್ದ. ಅವಳು ಗೋಡೆಗೆ ಒರಗಿ ಕೂತಳು. ಅವನು ತಿರುಗಿ ನೋಡದೆ ಬಂಡೆಗೆ ಹೋದ. ಅಲ್ಲಿ ಕಾಯ್ತಿದ್ದ ಭಾಮೈದನಿಗೆ ಇದೇನೂ ಗೊತ್ತಿಲ್ಲ. ಎಂದಿನ ಹಾಗೆ ಹಗ್ಗ ಹಿಡಿದ. ಇವನು ಇಳಿದ.

ಅರ್ಧ ಜೇನು ಕೊಯ್ದಿರಬೇಕು. ಪಕ್ಕದ ಮನೆಯ ಹೆಂಗಸು ಓಡಿ ಬಂದು, ಮೇಲಿದ್ದವನ ಕಿವಿಯಲ್ಲಿ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು. ಅಕ್ಕ ಕೂತಲ್ಲೇ ಸತ್ತುಹೋಗಿದ್ದಳು.

ಕೆಳಗಿದ್ದವನಿಗೆ ಹಗ್ಗ ನಡುಗಿದ್ದು ಮಾತ್ರ ಗೊತ್ತಾಯ್ತು. "ಏನೋ ಭಾಮೈದ, ತೂಕಡಿಕೆನಾ? ಸರಿಯಾಗಿ ಹಿಡ್ಕೊ. ನಾನು ಬಿದ್ರೆ ನಿಮ್ಮಕ್ಕನ ಬಳೆ ಒಡೀತಾರೆ," ಅಂತ ಕೂಗಿ ನಕ್ಕ.

ಮೇಲಿಂದ ಉತ್ತರ ಬಂತು.

"ಹೆದರಬೇಡ ಭಾವ. ನಮ್ಮಕ್ಕ ಇನ್ನು ಯಾವತ್ತೂ ವಿಧವೆ ಆಗೋದಿಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಾನು ಕೇಳಿದ ಪ್ರಶ್ನೆಯೇ ಮರೆತುಹೋಗಿತ್ತು. ಹಗ್ಗ ಏನಾಯ್ತು ಅಂತ ಕೇಳಿದ.

ಭಾವನನ್ನ ಮೇಲಕ್ಕೆ ಎಳೆದುಕೊಂಡ, ಅಂದರು ಗುರುಗಳು. ಕೈ ಸುಲಿದು ರಕ್ತ ಬರೋ ತನಕ ಎಳೆದ. ಮೇಲೆ ಬಂದವನು ಜೇನು ತುಂಬಿದ ಒಳ್ಳೇ ಎರಿಯೊಂದನ್ನ ಎಲೆಯಲ್ಲಿ ಸುತ್ತಿ, ಇದು ನಿಮ್ಮಕ್ಕನಿಗೆ, ಬೆಳಗ್ಗೆಯಿಂದ ಮುನಿಸಿಕೊಂಡು ಕೂತಿದ್ದಾಳೆ ಅಂದ.

"ಬಿಡಬೇಕಿತ್ತು ಗುರುಗಳೇ. ನಾನಾಗಿದ್ದರೆ ಬಿಟ್ಟುಬಿಡ್ತಿದ್ದೆ."

"ನೋಡು, ಅಕ್ಕನನ್ನ ಕಳಕೊಂಡೋನು ಬಿಡಲಿಲ್ಲ, ವ್ಯಂಗ್ಯ ಕಲಿಯೋಕೆ ಬಂದ ನೀನು ಬಿಟ್ಟೆ."